ನಾಜಿಗಳು ಅಧಿಕಾರಕ್ಕೆ ಬಂದ ಕಾಲದ ಬಗ್ಗೆ ಹದಿಹರೆಯದವರಿಗೆ ಪತ್ತೇದಾರಿ ಕಾದಂಬರಿ ಬರೆಯಬೇಕು. ಯಾವ ಘಟನೆ ಆರಿಸಲಿ?

ಬರ್ಲಿನ್‌ನ ಸಂಸತ್ ಭವನಕ್ಕೆ ಬೆಂಕಿ ಬಿದ್ದ ರಾತ್ರಿಯನ್ನು ಆರಿಸಿ: 1933ರ ಫೆಬ್ರವರಿ 27. ಹಿಟ್ಲರ್ ಚಾನ್ಸಲರ್ ಆಗಿ ಇನ್ನೂ ಒಂದು ತಿಂಗಳೂ ತುಂಬಿರಲಿಲ್ಲ. ಕಟ್ಟಡದೊಳಗೆ ಸಿಕ್ಕಿಬಿದ್ದವನು 24 ವರ್ಷದ ಡಚ್ ಯುವಕ, ಮರಿನಸ್ ವಾನ್ ಡರ್ ಲುಬ್ಬೆ. ನಾನೊಬ್ಬನೇ ಹಚ್ಚಿದ್ದು ಎಂದ. ಅಷ್ಟು ದೊಡ್ಡ ಕಟ್ಟಡಕ್ಕೆ ಒಬ್ಬನೇನಾ? ಇತಿಹಾಸಕಾರರ ವಾದ ಇನ್ನೂ ಮುಗಿದಿಲ್ಲ. ಜೊತೆಗೆ ಕಟಕಟೆಯಲ್ಲಿ ನಿಂತ ನಾಲ್ವರು ಕಮ್ಯುನಿಸ್ಟರು ಖುಲಾಸೆಯಾದರು. ಲುಬ್ಬೆಗೆ 1934ರ ಜನವರಿಯಲ್ಲಿ ಮರಣದಂಡನೆ ಆಯಿತು.

ಆದರೆ ಬೆಂಕಿ ಹಚ್ಚಿದ್ದು ಯಾರು ಅನ್ನೋದನ್ನೇ ಕಥೆಯ ಗುಟ್ಟು ಮಾಡಬೇಡಿ. ಮಕ್ಕಳಿಗೆ ಸುಳ್ಳು ಉತ್ತರ ಕೊಟ್ಟಂತಾಗುತ್ತೆ, ಅಲ್ವಾ? ಮಾರನೇ ದಿನ ಬಂದ ಸರ್ಕಾರಿ ಆದೇಶ ನೋಡಿ. ಮಾತಿನ, ಪತ್ರಿಕೆಯ, ಸಭೆಯ ಸ್ವಾತಂತ್ರ್ಯ ಒಂದೇ ಏಟಿಗೆ ಹೋಯಿತು. ಯಾರದೇ ಪತ್ರ ಬಿಚ್ಚಬಹುದು, ಫೋನ್ ಕದ್ದು ಕೇಳಬಹುದು. ಸಾವಿರಾರು ಜನರನ್ನು ವಿಚಾರಣೆಯೇ ಇಲ್ಲದೆ ಒಳಗೆ ಹಾಕಿದರು.

ಹದಿನೈದರ ಹುಡುಗಿಯೊಬ್ಬಳನ್ನು ಅಲ್ಲಿಟ್ಟು ನೋಡಿ. ಮನೆಗೆ ಬಂದ ಲಕೋಟೆ ಮೊದಲೇ ಬಿಚ್ಚಿ ಮತ್ತೆ ಅಂಟಿಸಿದ ಹಾಗಿದೆ. ಮಹಡಿ ಮನೆಯ ಮೇಷ್ಟ್ರು ಕಾಣೆಯಾಗಿದ್ದಾರೆ. ಪೊಲೀಸರ ಹತ್ತಿರ ಹೋಗೋಣ ಅಂದರೆ, ಆ ಫೆಬ್ರವರಿಯಲ್ಲೇ ಹಿಟ್ಲರ್‌ನ ಮಂತ್ರಿ ಗೋರಿಂಗ್ ನಾಜಿ ಪಕ್ಷದ ಎಸ್‌ಎ ದಂಡಿನವರ ತೋಳಿಗೆ ಬಿಳಿ ಪಟ್ಟಿ ಕಟ್ಟಿ ಸಹಾಯಕ ಪೊಲೀಸರನ್ನಾಗಿ ಮಾಡಿದ್ದ. ಮೇಷ್ಟ್ರನ್ನು ಎಳೆದೊಯ್ದವರೇ ಠಾಣೆಯಲ್ಲೂ ಕೂತಿರುತ್ತಾರೆ. ನನಗೆ ಇಡೀ ಕಥೆಯ ಜೀವ ಇಲ್ಲೇ ಕಾಣುತ್ತೆ. ದೂರು ಕೊಡೋಕೆ ಜಾಗವಿಲ್ಲದ ಊರಿನಲ್ಲಿ ಅವಳೇ ಹುಡುಕಬೇಕು.