ಆಸ್ಪತ್ರೆ ಪ್ರಶ್ನೆಗೆ ಯಾವ ಕಡೆಯ ಅಂಕ ಹಾಕಲಿ?

ಬದುಕು ಎಷ್ಟು ನೆಮ್ಮದಿಯಾಗಿದೆ ಅಂತ ಅಳೆಯುವ, ವಿಶ್ವ ಆರೋಗ್ಯ ಸಂಸ್ಥೆಯ 26 ಪ್ರಶ್ನೆಗಳನ್ನು ನೀನು ಕಳಿಸಿದ್ದೆಯಲ್ಲ, ಅದರಲ್ಲಿ ಒಂದನ್ನು ಖಾಲಿ ಬಿಟ್ಟಿದ್ದೇನೆ. ಜೊತೆಗೆ ನೀನು "ಬೀದರ್ ಅಂದ್ರೆ ಎಲ್ಲಾ ಹೈದರಾಬಾದೇ ಅಲ್ವಾ, ಅಲ್ಲಿ ನೆಮ್ಮದಿ ಅಂತ ಏನಿದೆ ನಿಮಗೆ?" ಅಂತ ಕೇಳಿದ್ದೆ. ಎರಡಕ್ಕೂ ಸೇರಿಸಿ ಬರೆಯುತ್ತೇನೆ.

ಅದರಲ್ಲಿ ಅವರು ನಿದ್ದೆ, ನೋವು, ದುಡ್ಡು, ಮನೆ, ಓಡಾಟ ಎಲ್ಲ ಕೇಳಿದ್ದಾರೆ, ಒಂದರಿಂದ ಐದರ ತನಕ ಅಂಕ. ನಿದ್ದೆಗೆ ನಾಲ್ಕು ಹಾಕಿದೆ. ದುಡ್ಡಿಗೆ ಎರಡು, ಈ ಸಲ ನಮ್ಮ ಹೊಲದ ಸೋಯಾ ಮಳೆಗೆ ಕೊಳೆತು ಹೋಯಿತು. ಭಾಷೆಯ ಬಗ್ಗೆ ಅದರಲ್ಲಿ ಪ್ರಶ್ನೆಯೇ ಇಲ್ಲ, ಇದ್ದಿದ್ದರೆ ಐದು ಕೊಡುತ್ತಿದ್ದೆ. ಮನೆಯಲ್ಲಿ ಕನ್ನಡ, ಕಿರಾಣಿ ಅಂಗಡಿಯಲ್ಲಿ ಉರ್ದು, ಭಾಲ್ಕಿಯ ಬೀಗರ ಹತ್ತಿರ ಮರಾಠಿ, ಜಹೀರಾಬಾದ್ ಬಸ್ಸಿನಲ್ಲಿ ತೆಲುಗು. 1956ರ ತನಕ ನಾವು ಹೈದರಾಬಾದ್ ರಾಜ್ಯದಲ್ಲೇ ಇದ್ದೆವು, ಅಜ್ಜನ ಹೊಲದ ಹಳೇ ಕಾಗದ ಇವತ್ತಿಗೂ ಉರ್ದುವಿನಲ್ಲಿದೆ. ಆದರೆ ಬಸವಕಲ್ಯಾಣ ಇರುವುದು ನಮ್ಮ ಜಿಲ್ಲೆಯಲ್ಲಿ. ನಮ್ಮ ಕನ್ನಡದ ಮೇಲೆ ಅನುಮಾನ ಪಡಬೇಡ.

ಖಾಲಿ ಬಿಟ್ಟದ್ದು ಆರೋಗ್ಯ ಸೇವೆಯ ಪ್ರಶ್ನೆ. ಯಾವ ರಾಜ್ಯದ ಸೇವೆ ಅಂತ ಬರೆಯಲಿ?

ಹೋದ ವರ್ಷ ಅವ್ವನಿಗೆ ರಾತ್ರಿ ಎದೆನೋವು ಬಂತು. ಇಲ್ಲಿಯ ಡಾಕ್ಟರು ಇಸಿಜಿ ನೋಡಿ, ತಡ ಮಾಡಬೇಡಿ, ಹೈದರಾಬಾದಿಗೆ ಹೋಗಿ ಅಂದರು. ಹೈದರಾಬಾದ್ ಸುಮಾರು 140 ಕಿಲೋಮೀಟರ್, ಬೆಂಗಳೂರು 700ರ ಹತ್ತಿರ. ಎದೆ ಹಿಡಿದುಕೊಂಡವರನ್ನು ಎಲ್ಲಿಗೆ ಕರೆದುಕೊಂಡು ಹೋಗ್ತೀಯ, ನೀನೇ ಹೇಳು. ಅಲ್ಲಿ ಆಸ್ಪತ್ರೆ ಕೌಂಟರಿನಲ್ಲಿ ನಮ್ಮ ಆರೋಗ್ಯ ಕಾರ್ಡ್ ಇಟ್ಟೆ. ಇದು ಕರ್ನಾಟಕದ್ದು, ಇಲ್ಲಿ ನಡೆಯಲ್ಲ ಅಂದರು. ಕಾಕಾ ತೊಗರಿ ಮಾರಿ ಇಟ್ಟಿದ್ದ ದುಡ್ಡನ್ನು ಬೆಳಗಾಗುವುದರೊಳಗೆ ಕಟ್ಟಿದೆವು. ಅವ್ವ ಉಳಿದಳು. ಊರಿಗೆ ಬಂದು ಖರ್ಚಿನ ಬಿಲ್ ಹಿಡಿದುಕೊಂಡು ಹೋದರೆ, ಹೋಗುವ ಮೊದಲೇ ಇಲ್ಲಿಂದ ಶಿಫಾರಸು ಚೀಟಿ ಬರೆಸಬೇಕಿತ್ತು ಅಂತ ಇಲ್ಲಿಯವರು. ರಾತ್ರಿ ಎರಡು ಗಂಟೆಗೆ ಯಾರ ಹತ್ತಿರ ಬರೆಸಬೇಕಿತ್ತು? ಅಲ್ಲಿಯವರಿಗೆ ನಾವು ಕರ್ನಾಟಕದವರು, ಇಲ್ಲಿಯವರಿಗೆ ತೆಲಂಗಾಣಕ್ಕೆ ಹೋಗಿ ಬಂದವರು. ಸಿಟ್ಟು ಇನ್ನೂ ಇಳಿದಿಲ್ಲ.

ಈಗ ಬಾಗಿಲ ಹಿಂದಿನ ಮೊಳೆಗೆ ಒಂದು ಚೀಲ ಯಾವಾಗಲೂ ತೂಗುತ್ತಿರುತ್ತದೆ. ಅವ್ವನ ರಿಪೋರ್ಟು, ಎಕ್ಸ್‌ರೇ, ಆಧಾರ್ ಜೆರಾಕ್ಸ್, ಮಾತ್ರೆ ಚೀಟಿ. ಮೂರು ತಿಂಗಳಿಗೊಮ್ಮೆ ಅದಕ್ಕೆ ಖಡಕ್ ರೊಟ್ಟಿ, ಶೇಂಗಾ ಹಿಂಡಿ ಸೇರಿಸಿಕೊಂಡು ಹೈದರಾಬಾದಿನ ಬೆಳಗಿನ ಬಸ್ ಹಿಡಿಯುತ್ತೇವೆ. ಅವತ್ತಿನ ನನ್ನ ದುಡಿಮೆ ಹೋದ ಹಾಗೆ.

ಇಲ್ಲಿ ಏನೂ ಇಲ್ಲ ಅಂತ ಮಾತ್ರ ತಿಳಿಯಬೇಡ. ಸರ್ಕಾರಿ ಮೆಡಿಕಲ್ ಕಾಲೇಜು ಇದೆ, ನನ್ನ ಎರಡು ಹೆರಿಗೆಯೂ ಅಲ್ಲಿಯ ಆಸ್ಪತ್ರೆಯಲ್ಲೇ ಆದವು. 2012ರ ಸಂವಿಧಾನ ತಿದ್ದುಪಡಿಯಿಂದ ನಮ್ಮ ಭಾಗಕ್ಕೆ ಮೀಸಲಾತಿ ಕೊಡುವ 371(ಜೆ) ವಿಧಿ ಬಂದ ಮೇಲೆ ಇಲ್ಲಿಯ ಮಕ್ಕಳಿಗೆ ಸೀಟು, ನೌಕರಿ ಸಿಗುತ್ತಿವೆ. ತಂಗಿಯ ಮಗಳು ಅದೇ ಮೀಸಲಾತಿಯಲ್ಲಿ ಡಾಕ್ಟರ್ ಓದುತ್ತಿದ್ದಾಳೆ. ಓದು ಮುಗಿಸಿ ಬೀದರಿಗೇ ಬಾ ಅಂತ ಫೋನ್ ಮಾಡಿದಾಗೆಲ್ಲ ಹೇಳುತ್ತೇನೆ.

ಗೆಳೆಯರ ಆಸರೆಗೆ ಐದು ಹಾಕಿದ್ದೇನೆ. ಆ ರಾತ್ರಿ ಗಾಡಿ ತೆಗೆದದ್ದು ಪಕ್ಕದ ಮನೆಯ ಹುಡುಗ. ಎರಡು ದಿನ ಆಸ್ಪತ್ರೆ ಮೆಟ್ಟಿಲ ಮೇಲೇ ಮಲಗಿದ್ದ, ಡೀಸೆಲ್ ದುಡ್ಡೂ ಮುಟ್ಟಲಿಲ್ಲ. ಅವನ ಮನೆಮಾತು ಉರ್ದು, ಅವ್ವನನ್ನು ಕರೆಯುವುದು ಅವ್ವಾ ಅಂತಲೇ.

ಖಾಲಿ ಬಿಟ್ಟ ಪ್ರಶ್ನೆಗೆ ಎರಡು ಅಂಕ ಬರೆಯಲು ಜಾಗ ಇದ್ದರೆ ತಿಳಿಸು. ಬೀದರಿಗೊಂದು, ಹೈದರಾಬಾದಿಗೊಂದು ಹಾಕಿ ಕಳಿಸುತ್ತೇನೆ.