ಓದುಗರ ಪ್ರಶ್ನೆ: ಎರಡು ಬಾರಿ ಸೋತ ತಂಡ ಚಾಂಪಿಯನ್ ಆದದ್ದು ಹೇಗೆ?

ಪ್ರಶ್ನೆ: ಮಾನ್ಯರೇ, ನನ್ನ ಅಕ್ಕನ ಮಗ ಅಮೆರಿಕದ ಕೊಲಂಬಸ್ ನಗರದ ಓಹಿಯೊ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದಾನೆ. 2024ರ ನವೆಂಬರ್ ಕೊನೆಗೆ ಅವರ ಫುಟ್‌ಬಾಲ್ ತಂಡ ಮಿಷಿಗನ್ ಎದುರು ಸೋತಾಗ, ಈ ವರ್ಷವೇ ಹಾಳಾಯಿತೆಂದು ಫೋನಿನಲ್ಲಿ ದುಃಖಪಟ್ಟ. ಜನವರಿಯಲ್ಲಿ ಅದೇ ತಂಡ ರಾಷ್ಟ್ರೀಯ ಚಾಂಪಿಯನ್ ಆಯಿತೆಂದು ಸಂಭ್ರಮಿಸಿದ. ಅವನ ಯಾವ ಮಾತನ್ನು ನಂಬುವುದು?
– ಓದುಗರೊಬ್ಬರು, ಕುಂಬಳೆ

ಉತ್ತರ: ಎರಡನ್ನೂ ನಂಬಬಹುದು. ಅಲ್ಲಿ ಫುಟ್‌ಬಾಲ್ ಎಂದರೆ ನಮ್ಮ ಕಾಲ್ಚೆಂಡಲ್ಲ, ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಎಸೆಯುವ ಆಟ. ಅದರ ಕಾಲೇಜು ಋತು ಆಗಸ್ಟ್ ಕೊನೆಗೆ ಆರಂಭವಾಗಿ ನವೆಂಬರ್ ಕೊನೆಯವರೆಗೆ ನಡೆಯುತ್ತದೆ. ವಾರಕ್ಕೆ ಒಂದೇ ಪಂದ್ಯ, ಅದೂ ಹೆಚ್ಚಾಗಿ ಶನಿವಾರ. ದೊಡ್ಡ ತಂಡವೊಂದಕ್ಕೆ ಸಿಗುವುದು ಸಾಮಾನ್ಯವಾಗಿ ಹನ್ನೆರಡು ಪಂದ್ಯ ಮಾತ್ರ. ಆಡುವ ತಂಡಗಳು ನೂರಕ್ಕೂ ಹೆಚ್ಚಿರುವಾಗ ಎಲ್ಲರೂ ಎಲ್ಲರೊಡನೆ ಆಡಿ ಮುಗಿಸುವ ಮಾತೇ ಇಲ್ಲವಾದ್ದರಿಂದ, ಕೊನೆಯ ಸುತ್ತಿಗೆ ಯಾರು ಹೋಗಬೇಕೆಂಬುದನ್ನು ಒಂದು ಆಯ್ಕೆ ಸಮಿತಿ ನಿರ್ಧರಿಸುತ್ತದೆ. 2014ರಿಂದ 2023ರವರೆಗಿನ ಹತ್ತು ಋತುಗಳಲ್ಲಿ ಸಮಿತಿ ಆರಿಸುತ್ತಿದ್ದುದು ನಾಲ್ಕೇ ತಂಡಗಳನ್ನು, ಮತ್ತು ಎರಡು ಬಾರಿ ಸೋತ ಒಂದು ತಂಡಕ್ಕೂ ಆ ನಾಲ್ಕರಲ್ಲಿ ಜಾಗ ಸಿಕ್ಕಿರಲಿಲ್ಲ. ಓಹಿಯೊ ಸ್ಟೇಟ್ ಅಕ್ಟೋಬರಿನಲ್ಲಿ ಒರೆಗಾನ್ ಎದುರು 32–31ರಲ್ಲಿ, ಒಂದೇ ಅಂಕದಿಂದ, ಆಗಲೇ ಸೋತಿತ್ತು. ಹಾಗಿರುವಾಗ ನವೆಂಬರ್ 30ರ ಎರಡನೆಯ ಸೋಲು, ಹಳೆಯ ಲೆಕ್ಕದಲ್ಲಿ, ಋತುವಿನ ಮುಕ್ತಾಯವೇ ಆಗುತ್ತಿತ್ತು. ಆದರೆ 2024ರಿಂದ ಆ ಸಂಖ್ಯೆಯನ್ನು ಹನ್ನೆರಡಕ್ಕೆ ಏರಿಸಲಾಗಿದ್ದು, ಓಹಿಯೊ ಸ್ಟೇಟ್ ಎಂಟನೆಯ ಸ್ಥಾನದಲ್ಲಿ ಒಳಗೆ ಬಂತು.

ಹದಿನೆಂಟು, ಇಪ್ಪತ್ತರ ಹುಡುಗರ ತಂಡ ಸೆಪ್ಟೆಂಬರಿನಲ್ಲಿ ಇದ್ದಂತೆ ಡಿಸೆಂಬರಿನಲ್ಲಿ ಇರುವುದಿಲ್ಲ. ಒಂದೆರಡು ಶನಿವಾರಗಳ ತಪ್ಪಿಗೆ ಬಾಗಿಲು ಮುಚ್ಚದ ಹೊಸ ಏರ್ಪಾಡೇ ನ್ಯಾಯವಾದದ್ದೆಂದು ನನಗೆ ಅನ್ನಿಸುತ್ತದೆ. ಫೈನಲಿನಲ್ಲಿ ಎದುರಾಳಿಯಾಗಿದ್ದ ನೋಟ್ರ್ ಡೇಮ್ ಕೂಡ ಸೆಪ್ಟೆಂಬರಿನಲ್ಲಿ ತನ್ನದೇ ಅಂಗಳದಲ್ಲಿ, ಯಾರೂ ದೊಡ್ಡದೆಂದು ಎಣಿಸದಿದ್ದ ನಾರ್ದರ್ನ್ ಇಲಿನಾಯ್ ತಂಡಕ್ಕೆ 16–14ರಲ್ಲಿ ಸೋತಿತ್ತು.

ಆಟದ ಸ್ವಾರಸ್ಯ ತಿಳಿಯಬೇಕಾದರೆ ನಮ್ಮ ಕಡೆಯ ಹೊನಲು ಬೆಳಕಿನ ಕಬಡ್ಡಿ ಪಂದ್ಯಾಟವನ್ನು ನೆನಪಿಸಿಕೊಳ್ಳಿ. ಎರಡು ರೈಡ್ ಬರಿದಾದ ಮೇಲೆ ಮೂರನೆಯದಕ್ಕೆ ಹೋಗುವವನು ಅಂಕ ತರಲೇಬೇಕು, ಇಲ್ಲವಾದರೆ ಔಟ್. ಆ ಗಳಿಗೆಯಲ್ಲಿ ಅಂಗಣದ ಸುತ್ತ ನಿಂತವರೆಲ್ಲ ಉಸಿರು ಬಿಗಿಹಿಡಿಯುತ್ತಾರಲ್ಲವೇ? ಅಮೆರಿಕದ ಫುಟ್‌ಬಾಲಿನಲ್ಲಿ ಚೆಂಡು ಹಿಡಿದ ತಂಡಕ್ಕೆ ಹತ್ತು ಗಜ ಮುಂದೆ ಹೋಗಲು ನಾಲ್ಕು ಯತ್ನಗಳಿವೆ. ನಾಲ್ಕನೆಯದರಲ್ಲೂ ಆಗದಿದ್ದರೆ ಚೆಂಡು ಎದುರಾಳಿಯ ಪಾಲು. ಚೆಂಡನ್ನು ಕೊನೆಯ ಗೆರೆ ದಾಟಿಸಿದರೆ ಆರು ಅಂಕ, ಆ ಬಳಿಕ ಒದ್ದು ಇನ್ನೊಂದು ಅಂಕ ಸೇರಿಸುವ ಅವಕಾಶ; ಗೆರೆ ದಾಟಿಸದೆ ಕಂಬಗಳ ನಡುವೆ ಒದ್ದು ಹಾಯಿಸಿದರೆ ಮೂರು.

2025ರ ಜನವರಿ 10ರಂದು ಟೆಕ್ಸಾಸ್ ಎದುರಿನ ಸೆಮಿಫೈನಲಿನಲ್ಲಿ ಇದು ಹೇಗೆ ನಡೆಯಿತೆಂದು ನೋಡಿ. ಓಹಿಯೊ ಸ್ಟೇಟ್ 21–14ರಲ್ಲಿ ಮುಂದಿತ್ತು. ಆಟ ಮುಗಿಯಲು ಕೆಲವೇ ನಿಮಿಷಗಳಿರುವಾಗ ಟೆಕ್ಸಾಸ್ ಕೊನೆಯ ಗೆರೆಗೆ ಒಂದೇ ಗಜ ಬಾಕಿ ಇರುವಲ್ಲಿಗೆ ಬಂದು ನಿಂತಿತು. ಮೊದಲ ಯತ್ನ ಅಲ್ಲೇ ಸಿಕ್ಕಿಬಿತ್ತು, ಎರಡನೆಯದರಲ್ಲಿ ಚೆಂಡು ಏಳು ಗಜ ಹಿಂದಕ್ಕೆ ಹೋಯಿತು, ಮೂರನೆಯ ಎಸೆತ ಯಾರ ಕೈಗೂ ಸಿಗಲಿಲ್ಲ. ನಾಲ್ಕನೆಯದರಲ್ಲಿ ಓಹಿಯೊದ ಜ್ಯಾಕ್ ಸಾಯರ್ ಬದಿಯಿಂದ ನುಗ್ಗಿ, ಎಸೆಯಲು ಕೈ ಎತ್ತಿದ್ದ ಕ್ವಿನ್ ಯೂವರ್ಸ್‌ನ ಕೈಯಿಂದ ಚೆಂಡನ್ನು ಬಡಿದು ಬೀಳಿಸಿ, ತಾನೇ ಹೆಕ್ಕಿಕೊಂಡು ಮೈದಾನದ ಉದ್ದಕ್ಕೂ 83 ಗಜ ಓಡಿದ. ಸಮಬಲವಾಗಬೇಕಿದ್ದ ಪಂದ್ಯ 28–14ಕ್ಕೆ ಮುಗಿಯಿತು. ಯೂವರ್ಸ್ 2021ರಲ್ಲಿ ಓಹಿಯೊ ಸ್ಟೇಟಿನಲ್ಲೇ ಇದ್ದವನು, ಸಾಯರ್‌ನ ಕೋಣೆಯ ಜತೆಗಾರ. ಆಮೇಲೆ ಕಾಲೇಜು ಬದಲಾಯಿಸಿದವನು. ಹತ್ತು ದಿನಗಳ ಬಳಿಕ ಅಟ್ಲಾಂಟಾದಲ್ಲಿ ನೋಟ್ರ್ ಡೇಮ್ ತಂಡವನ್ನು 34–23ರಲ್ಲಿ ಸೋಲಿಸಿ, ಹದಿನಾಲ್ಕು ಗೆಲುವು, ಎರಡು ಸೋಲುಗಳೊಡನೆ ಓಹಿಯೊ ಸ್ಟೇಟ್ ಪ್ರಶಸ್ತಿ ಪಡೆಯಿತು.

ಇಷ್ಟಾದರೂ ನವೆಂಬರಿನ ಸಂಕಟ ಸುಳ್ಳಲ್ಲ. ಮಿಷಿಗನ್ ಜತೆಗಿನ ಪೈಪೋಟಿ 1897ರಿಂದ ಬಂದದ್ದು. ಆ ಪಂದ್ಯವನ್ನು ಋತುವಿನ ಕೊನೆಯ ಶನಿವಾರಕ್ಕೆಂದೇ ಮೀಸಲಿಟ್ಟಿದ್ದಾರೆ. ಅಂದು ಎಲ್ಲರೂ ಗೆಲುವು ಓಹಿಯೊದ್ದೇ ಎಂದುಕೊಂಡಿದ್ದರು. ಕೊನೆಯ ನಿಮಿಷದಲ್ಲಿ ಮಿಷಿಗನ್ ಒದ್ದ ಚೆಂಡು ಕಂಬಗಳ ನಡುವೆ ಹಾದು 13–10 ಆಯಿತು. 2021ರಿಂದ ಲೆಕ್ಕ ಹಾಕಿದರೆ ಅದು ಸತತ ನಾಲ್ಕನೆಯ ಸೋಲು. ಅಂದರೆ 2021ರಲ್ಲಿ ಕೊಲಂಬಸ್‌ಗೆ ಓದಲು ಹೋದ ಹುಡುಗನೊಬ್ಬ ನಾಲ್ಕು ವರ್ಷದ ಪದವಿ ಮುಗಿಸುವವರೆಗೆ ತನ್ನ ಕಾಲೇಜು ಮಿಷಿಗನ್ನನ್ನು ಸೋಲಿಸಿದ್ದನ್ನು ಒಮ್ಮೆಯೂ ಕಾಣಲಿಲ್ಲ. ಕೊಲಂಬಸ್‌ನ ಮಧ್ಯಾಹ್ನ ಹನ್ನೆರಡು ಗಂಟೆ ಎಂದರೆ ನಮಗೆ ಆಗ ರಾತ್ರಿ ಹತ್ತೂವರೆ. ಮುಂದಿನ ಬಾರಿ ಅವನ ಜತೆ ನೀವೂ ಎಚ್ಚರವಿದ್ದು ಆ ಪಂದ್ಯ ನೋಡಿ.

ಪ್ರಶ್ನೆ: ಕೈಯಲ್ಲಿ ಹಿಡಿದು ಓಡುವ ಆಟಕ್ಕೆ ಫುಟ್‌ಬಾಲ್ ಎಂಬ ಹೆಸರೇಕೆ?
– ಪಿಯು ವಿದ್ಯಾರ್ಥಿನಿ, ಮಂಜೇಶ್ವರ

ಉತ್ತರ: ಹುಟ್ಟುವಾಗ ಅದು ಕಾಲಿನ ಆಟವೇ ಆಗಿತ್ತು. 1869ರ ನವೆಂಬರ್ 6ರಂದು ರಟ್ಗರ್ಸ್ ಮತ್ತು ಪ್ರಿನ್ಸ್‌ಟನ್ ಕಾಲೇಜುಗಳು ತಂಡಕ್ಕೆ 25 ಮಂದಿಯಂತೆ ಆಡಿದ ಮೊದಲ ಪಂದ್ಯದಲ್ಲಿ ಚೆಂಡನ್ನು ಹಿಡಿದು ಓಡುವಂತಿರಲಿಲ್ಲ. ಮುಂದೆ ರಗ್ಬಿಯ ನಿಯಮಗಳು ಸೇರಿಕೊಂಡವು, ಹೆಸರು ಹಾಗೇ ಉಳಿಯಿತು.

ಪ್ರಶ್ನೆ: ಇಷ್ಟು ಒರಟಾದ ಆಟವನ್ನು ವಿದ್ಯಾರ್ಥಿಗಳು ಆಡಬೇಕೇ? ಅವರಿಗೇನು ಸಿಗುತ್ತದೆ?
– ನಿವೃತ್ತ ಅಧ್ಯಾಪಕರು, ಬದಿಯಡ್ಕ

ಉತ್ತರ: ಮಾಷ್ಟ್ರೇ, ಈ ಪ್ರಶ್ನೆಯನ್ನು ಅಮೆರಿಕದ ಅಧ್ಯಕ್ಷರೇ ಕೇಳಿದ್ದರು. ಮೈದಾನದಲ್ಲಿ ಹುಡುಗರು ಸಾಯುತ್ತಿದ್ದ 1905ರಲ್ಲಿ ಥಿಯೋಡರ್ ರೂಸ್‌ವೆಲ್ಟ್ ಹಾರ್ವರ್ಡ್, ಯೇಲ್ ಮತ್ತು ಪ್ರಿನ್ಸ್‌ಟನ್ ಪ್ರತಿನಿಧಿಗಳನ್ನು ಶ್ವೇತಭವನಕ್ಕೆ ಕರೆಸಿ ಮಾತನಾಡಿದರು. ಗುಂಪಾಗಿ ಒತ್ತಿ ನುಗ್ಗುವುದು ಕಡಿಮೆಯಾಗಲೆಂದು ಮರುವರ್ಷ ಚೆಂಡನ್ನು ಮುಂದಕ್ಕೆ ಎಸೆಯಲು ಅನುಮತಿ ಬಂತು. ತಲೆಗೆ ಪೆಟ್ಟಾಗುವ ಭಯ ಇಂದಿಗೂ ಹೋಗಿಲ್ಲವಾದ್ದರಿಂದ ನಿಮ್ಮ ಆತಂಕ ನನ್ನದೂ ಹೌದು. ಪ್ರತಿಫಲದ ವಿಷಯದಲ್ಲಿ ಮಾತ್ರ ಬದಲಾವಣೆ ಆಗಿದೆ. ದಶಕಗಳ ಕಾಲ ಆಟಗಾರರಿಗೆ ಸಿಗುತ್ತಿದ್ದುದು ಶುಲ್ಕ, ಊಟ, ವಸತಿಗಳ ವಿದ್ಯಾರ್ಥಿವೇತನ. ಲಕ್ಷ ಜನ ಕೂರುವ ಕ್ರೀಡಾಂಗಣವನ್ನು ತುಂಬಿಸುವವನೂ ತನ್ನ ಹೆಸರನ್ನು ಜಾಹೀರಾತಿಗೆ ಕೊಟ್ಟು ಹಣ ಪಡೆಯುವಂತಿರಲಿಲ್ಲ. 2021ರ ಜುಲೈ 1ರಿಂದ ಆ ನಿರ್ಬಂಧ ತೆಗೆದುಹಾಕಲಾಯಿತು. ಅದು ಬಹಳ ತಡವಾಗಿ ಬಂದ ನ್ಯಾಯವೆಂದೇ ನನ್ನ ಅಭಿಪ್ರಾಯ.