ಭೂತಗನ್ನಡಿ ಬಿಲ್ಡಿಂಗು, ದೊಡ್ಡ ಚಡ್ಡಿ ಮತ್ತೆ ಸೋರೋ ತಾರಸಿ

ಹೋದ ಸಲ ಇದೇ ಜಾಗದಲ್ಲಿ "ಜಗತ್ತಿನ ಹೊಸ ಕಾಲದ ಕಟ್ಟಡಗಳ ಬಗ್ಗೆ ನಿಮಗೆ ಏನನ್ಸತ್ತೆ, ಬರೀರಿ" ಅಂತ ಕೇಳಿದ್ದೇ ಕೇಳಿದ್ದು, ಕಾಗದ, ಇಮೇಲು, ವಾಟ್ಸಾಪು ಎಲ್ಲಾ ಸೇರಿ ರಾಶಿ ಬಿದ್ದಿದೆ. ಮೂವತ್ತು ವರ್ಷ ಸೈಟಲ್ಲಿ ಸಿಮೆಂಟು ಧೂಳು ಕುಡಿದವನು ನಾನು, ಮೊದಲೇ ಹೇಳ್ಬಿಡ್ತೀನಿ, ಯಾವ ಬಿಲ್ಡಿಂಗ್ ನೋಡಿದ್ರೂ ನನಗೆ ಮೊದಲು ಬರೋ ಡೌಟು ಎರಡೇ. ಮಧ್ಯಾಹ್ನದ ಬಿಸಿಲಿಗೆ ಇದು ಏನು ಮಾಡತ್ತೆ, ಮಳೆ ನೀರು ಎಲ್ಲಿಗೆ ಹೋಗತ್ತೆ. ಚೆಂದ ಆಮೇಲೆ.

ಪ್ರಶ್ನೆ: ಎರಡು ವರ್ಷದ ಹಿಂದೆ ಮಗ ಪ್ಯಾರಿಸ್‌ಗೆ ಕರ್ಕೊಂಡು ಹೋಗಿದ್ದ. ಪಾಂಪಿಡೂ ಸೆಂಟರ್ ಅಂತ ಒಂದು ಆರ್ಟ್ ಮ್ಯೂಸಿಯಂ ತೋರಿಸಿದ, ಪೈಪು, ಡಕ್ಟು, ಎಸ್ಕಲೇಟರು ಎಲ್ಲಾ ಗೋಡೆ ಹೊರಗಡೆ. "ಇನ್ನೂ ಕೆಲಸ ಮುಗಿದಿಲ್ವೇನೋ" ಅಂತ ಕೇಳಿ ಅವನ ಕೈಲಿ ಬೈಸ್ಕೊಂಡೆ. ನಾನು ಕೇಳಿದ್ದು ತಪ್ಪಾ?
(ತುಮಕೂರಿನ ಓದುಗರು)

ಉತ್ತರ: ತಪ್ಪೇನಿಲ್ಲ ಸಾರ್. 1977ರಲ್ಲಿ ಅದು ಓಪನ್ ಆದಾಗ ಪ್ಯಾರಿಸ್ ಜನಾನೇ ಎಣ್ಣೆ ರಿಫೈನರಿ ಅಂತ ಆಡ್ಕೊಂಡಿದ್ರು. 681 ಡಿಸೈನ್ ಬಂದಿದ್ದ ಸ್ಪರ್ಧೆಯಲ್ಲಿ ರೆಂಜೋ ಪಿಯಾನೋ, ರಿಚರ್ಡ್ ರೋಜರ್ಸ್ ಅನ್ನೋ ನಲವತ್ತೂ ತುಂಬದ ಇಬ್ಬರು ಗೆದ್ದಿದ್ದು. ಅವರ ಲೆಕ್ಕ ಸಿಂಪಲ್ಲು, ಹೊಟ್ಟೆಯೊಳಗೆ ಇರಬೇಕಾದ್ದನ್ನೆಲ್ಲ ಹೊರಗೆ ಹಾಕಿದ್ರೆ ಒಳಗೆ ಪೂರ್ತಿ ಖಾಲಿ ಹಾಲು ಸಿಗತ್ತೆ, ಯಾವ ಪ್ರದರ್ಶನ ಬೇಕಾದ್ರೂ ಜೋಡಿಸ್ಕೋಬೋದು. ಬಣ್ಣಗಳೂ ಶೋಕಿಗೆ ಬಳಿದಿದ್ದಲ್ಲ, ನೀಲಿ ಅಂದ್ರೆ ಗಾಳಿ, ಹಸಿರು ನೀರು, ಹಳದಿ ಕರೆಂಟು, ಕೆಂಪು ಅಂದ್ರೆ ಜನ ಓಡಾಡೋದು. ನಮ್ಮಲ್ಲಿ ಏನು ಮಾಡ್ತೀವಿ, ಪೈಪನ್ನೆಲ್ಲ ಗೋಡೆ ಒಳಗೆ ಹೂತು ಮೇಲೆ ಚೆಂದದ ಟೈಲ್ಸ್ ಅಂಟಿಸ್ತೀವಿ, ಐದು ವರ್ಷಕ್ಕೆ ಲೀಕ್ ಆದಾಗ ಪ್ಲಂಬರ್ ಬಂದು ಅಂದಾಜಿನ ಮೇಲೆ ನಾಕು ಕಡೆ ಒಡೀತಾನೆ, ಆ ಟೈಲ್ಸ್ ಆಗ ಮಾರ್ಕೆಟ್ಟಲ್ಲಿ ಸಿಗಲ್ಲ.

ಆದ್ರೆ ಹೊರಗೆ ಹಾಕಿದ್ದಕ್ಕೂ ತೆರಬೇಕಾಯ್ತು. ಚಳಿ ಮಳೆ ಬಿಸಿಲು ಎಲ್ಲಾ ಆ ಪೈಪುಗಳ ಮೇಲೇ. ತೊಂಬತ್ತರ ದಶಕದ ಕೊನೆಗೆ ಮುಚ್ಚಿ ರಿಪೇರಿ ಮಾಡಿದ್ರು, 2025ರಿಂದ ಮತ್ತೆ ಮುಚ್ಚಿದ್ದಾರೆ, ಈ ಸಲ ಐದು ವರ್ಷದ ಕೆಲಸ. ನನಗೆ ಅಲ್ಲಿ ಇಷ್ಟ ಆಗಿದ್ದು ಪೈಪ್ ಅಲ್ಲ, ಮುಂದಿನ ಬಯಲು. ಅಂಥಾ ಊರಿನ ಮಧ್ಯ ಸಿಕ್ಕಿದ ಜಾಗದಲ್ಲಿ ಸುಮಾರು ಅರ್ಧದಷ್ಟನ್ನ ಜನ ಕೂತ್ಕೊಳ್ಳೋಕೆ ಅಂತ ಬಿಟ್ಟಿದಾರೆ. ಮಗನಿಗೆ ಇದನ್ನ ಹೇಳಿ, ಮುಂದಿನ ಸಲ ನೀವು ಬೈಬೋದು.

ಪ್ರಶ್ನೆ: ಲಂಡನ್ನಲ್ಲಿ ಒಂದು ಬಿಲ್ಡಿಂಗು ಬಿಸಿಲಿಗೆ ಕಾರ್ ಕರಗಿಸ್ತು ಅಂತ ನಮ್ಮ ಆಫೀಸ್ ಗ್ರೂಪಲ್ಲಿ ಬಂತು. ಫೇಕ್ ಅಲ್ವಾ?
(ಬೆಂಗಳೂರಿನ ಓದುಗರು)

ಉತ್ತರ: ವಾಟ್ಸಾಪಲ್ಲಿ ಬಂದಿದ್ದೆಲ್ಲ ಸುಳ್ಳಾಗಿರಲ್ಲ ಮೇಡಂ, ಇದು ನಿಜ. ಫೆನ್‌ಚರ್ಚ್ ಸ್ಟ್ರೀಟ್ 20ನೇ ನಂಬರಿನ ಕಟ್ಟಡ, ಜನ ಇಟ್ಟ ಹೆಸರು ವಾಕಿಟಾಕಿ. ಮೇಲೆ ಮೇಲೆ ಹೋದಂಗೆ ದಪ್ಪ ಆಗತ್ತೆ, ಯಾಕಂದ್ರೆ ಮೇಲಿನ ಫ್ಲೋರಿಗೆ ಬಾಡಿಗೆ ಜಾಸ್ತಿ, ಅಲ್ಲೇ ಜಾಗ ಜಾಸ್ತಿ ಇರ್ಲಿ ಅಂತ. ದಕ್ಷಿಣ ಮುಖ ಪೂರ್ತಿ ಗಾಜು, ಅದೂ ಬಾಣಲೆ ಥರ ಒಳಕ್ಕೆ ಬಾಗಿರೋ ಗಾಜು. ಸ್ಕೂಲಲ್ಲಿ ಭೂತಗನ್ನಡಿ ಹಿಡಿದು ಪೇಪರ್ ಸುಡ್ತಿದ್ವಲ್ಲ, ಬಿಸಿಲನ್ನೆಲ್ಲ ಒಂದೇ ಕಡೆ ಗುಡ್ಡೆ ಹಾಕೋದು, ಹೆಚ್ಚುಕಮ್ಮಿ ಅದೇ ಕೆಲಸ ಇದೂ ಮಾಡ್ತು. 2013ರಲ್ಲಿ ಕಟ್ಟಡ ಇನ್ನೂ ಮುಗೀತಿರೋವಾಗ್ಲೇ ಕೆಳಗೆ ನಿಲ್ಲಿಸಿದ್ದ ಒಂದು ಜಾಗ್ವಾರ್ ಕಾರಿನ ಕನ್ನಡಿ, ಪ್ಯಾನೆಲ್ಲು ಸೊಟ್ಟಗಾಗೋಯ್ತು, ಒಬ್ಬ ಪತ್ರಕರ್ತ ಅದೇ ಫುಟ್‌ಪಾತ್ ಮೇಲೆ ಬಾಣಲೆ ಇಟ್ಟು ಮೊಟ್ಟೆ ಬೇಯಿಸಿ ತೋರಿಸಿದ. ಮುಂದಿನ ವರ್ಷ ಆ ಗಾಜಿನ ಮೇಲೆ ಅಡ್ಡಪಟ್ಟಿಗಳನ್ನ ಕೂರಿಸಿ ಸರಿ ಮಾಡಿದ್ರು. 2015ರಲ್ಲಿ ಬ್ರಿಟನ್ನಿನ ಅತಿ ಕೆಟ್ಟ ಹೊಸ ಕಟ್ಟಡಕ್ಕೆ ಕೊಡೋ ಕಾರ್ಬಂಕಲ್ ಕಪ್ ಕೂಡ ಸಿಕ್ತು, ಕಾರ್ಬಂಕಲ್ ಅಂದ್ರೆ ಕುರು!

ತಮಾಷೆ ಏನಂದ್ರೆ ಅದರ ಆರ್ಕಿಟೆಕ್ಟ್ ರಫಾಯೆಲ್ ವಿನ್ಯೋಲಿಗೆ ಇದು ಮೊದಲ ಸಲ ಅಲ್ಲ. ಲಾಸ್ ವೇಗಸ್ಸಿನ ವಿಡಾರಾ ಹೋಟೆಲ್ಲೂ ಅವರದ್ದೇ, ಅಲ್ಲೂ ಬಾಗಿದ ಗಾಜು, 2010ರಲ್ಲಿ ಈಜುಕೊಳದ ಹತ್ರ ಮಲಗಿದ್ದವರಿಗೆ ಬಿಸಿ ಮುಟ್ಟಿತ್ತು. ಲಾಸ್ ಏಂಜಲೀಸಿನ ಡಿಸ್ನಿ ಕನ್ಸರ್ಟ್ ಹಾಲ್ ಇನ್ನೊಬ್ಬ ದೊಡ್ಡ ಮನುಷ್ಯ ಫ್ರಾಂಕ್ ಗೆರಿದು, ಅದರ ಪಾಲಿಶ್ ಸ್ಟೀಲ್ ಎದುರಿನ ಫ್ಲ್ಯಾಟಿನವರ ಕಣ್ಣು ಕುಕ್ಕಿ ಮನೆ ಬಿಸಿ ಮಾಡಿ, ಕೊನೆಗೆ ಆ ಹೊಳಪನ್ನ ಉಜ್ಜಿ ಮಂಕು ಮಾಡಿದ್ರು. ಅಲ್ಲ ಸ್ವಾಮಿ, ಸೂರ್ಯ ಎಲ್ಲಿ ಹುಟ್ತಾನೆ ಎಲ್ಲಿ ಮುಳುಗ್ತಾನೆ ಅನ್ನೋದು ಗುಟ್ಟಾ?

ನೀವು ಬೆಂಗಳೂರಲ್ಲೇ ಇದೀರ, ಔಟರ್ ರಿಂಗ್ ರೋಡಿನ ಗಾಜಿನ ಡಬ್ಬಗಳಲ್ಲಿ ಕರ್ಟನ್ ಎಳ್ಕೊಂಡು, ಲೈಟ್ ಹಾಕ್ಕೊಂಡು, ಎಸಿಗೆ ಸ್ವೆಟರ್ ತೊಟ್ಕೊಂಡು ಕೂತಿರ್ತೀರ. ಒಂದು ಶನಿವಾರ ಬಿಡುವು ಮಾಡ್ಕೊಂಡು ಬನ್ನೇರುಘಟ್ಟ ರಸ್ತೆಯ ಐಐಎಂ ಕ್ಯಾಂಪಸ್ ಫೋಟೋಗಳನ್ನ ನೋಡಿ, ಒಳಗೆ ಬಿಟ್ರೆ ಇನ್ನೂ ಒಳ್ಳೇದು. ಬಿ.ವಿ. ದೋಷಿ ಮಾಡಿದ್ದು, 2018ರಲ್ಲಿ ಪ್ರಿಟ್ಜ್‌ಕರ್ ಅನ್ನೋ ಆರ್ಕಿಟೆಕ್ಚರಿನ ದೊಡ್ಡ ಪ್ರಶಸ್ತಿ ಬಂತಲ್ಲ, ಅವರೇ, ಭಾರತಕ್ಕೆ ಮೊದಲನೇದು. ಅವರ ಕಣ್ಣ ಮುಂದೆ ಇದ್ದಿದ್ದು ಅಕ್ಬರ್ ಕಟ್ಟಿಸಿದ ಫತೇಪುರ್ ಸಿಕ್ರಿ. ಕ್ಯಾಂಪಸ್ಸಲ್ಲಿ ಒರಟು ಕಲ್ಲಿನ ಗೋಡೆ, ಉದ್ದುದ್ದ ಓಣಿ, ಮೇಲೆ ಸೂರು ಅನ್ನೋದು ಒಂದು ಕಡೆ ಇದೆ ಇನ್ನೊಂದು ಕಡೆ ಬರೀ ತೊಲೆಗಳು, ಅದರ ಮೇಲೆ ಬಳ್ಳಿ, ಹತ್ತು ಹೆಜ್ಜೆಗೆ ನೆರಳು ಹತ್ತು ಹೆಜ್ಜೆಗೆ ಬಿಸಿಲು. ಹೊಸ ಕಾಲದ್ದೇ ಅದು, ಕಾಂಕ್ರೀಟೇ, ಆದ್ರೂ ಬೆಂಗಳೂರಿನ ಹವಾ ಗೊತ್ತಿರೋರು ಕಟ್ಟಿದ್ದು.

ಪ್ರಶ್ನೆ: ಬೀಜಿಂಗಿನ ಟಿವಿ ಕಛೇರಿ ಸಿಸಿಟಿವಿ ಟವರ್ ಬಗ್ಗೆ ನಿಮ್ಮ ಅಭಿಪ್ರಾಯ? ನನಗಂತೂ ಅದ್ಭುತ ಅನ್ಸತ್ತೆ.
(ಮಂಡ್ಯದ ಓದುಗರು)

ಉತ್ತರ: ಎಂಜಿನಿಯರಿಂಗ್ ಅದ್ಭುತವೇ, ಓರೆಯಾದ ಎರಡು ಟವರನ್ನ ಆಕಾಶದಲ್ಲಿ ಮೂಲೆ ತಿರುಗಿಸಿ ಸೇರಿಸೋದು, ಅದೂ 234 ಮೀಟರ್ ಎತ್ತರದ ಕಟ್ಟಡದಲ್ಲಿ, ಹುಡುಗಾಟ ಅಲ್ಲ. ಆದ್ರೆ ಬೀಜಿಂಗ್ ಜನ ಅದಕ್ಕೆ "ದೊಡ್ಡ ಚಡ್ಡಿ" ಅಂತ ಹೆಸರಿಟ್ಟಿದಾರೆ, ಅದನ್ನ ಕೇಳಿದ ಮೇಲೆ ನನಗೆ ಬೇರೆ ಏನೂ ಕಾಣಲ್ಲ. ಈಗ ನಿಮಗೂ ಕಾಣಲ್ಲ, ಕ್ಷಮಿಸಿ.

ಪ್ರಶ್ನೆ: ಮಗಳು ಸಿಡ್ನಿಯಲ್ಲಿದ್ದಾಳೆ, ಹೋಗಿದ್ದಾಗ ಆಪೆರಾ ಹೌಸ್ ನೋಡಿದ್ವಿ. ಅದನ್ನ ಡಿಸೈನ್ ಮಾಡಿದವರು ಮುಗಿದ ಮೇಲೆ ಒಂದು ಸಲನೂ ಬಂದು ನೋಡಲಿಲ್ಲ ಅಂತ ಅಳಿಯ ಹೇಳಿದ್ರು. ಹಂಗೂ ಇರತ್ತಾ?
(ಮೈಸೂರಿನ ಓದುಗರು)

ಉತ್ತರ: ಇರತ್ತೆ ತಾಯಿ, ಅಳಿಯಂದಿರು ಸರಿಯಾಗೇ ಹೇಳಿದಾರೆ. ನನಗೆ ಈ ಕಥೆ ಹೇಳೋಕೆ ಶುರು ಮಾಡಿದ್ರೆ ನಿಲ್ಸೋಕಾಗಲ್ಲ, ಸಂಪಾದಕರು ಕತ್ತರಿ ಹಾಕದಿದ್ರೆ ಸಾಕು.

ಯೋರ್ನ್ ಉಟ್ಸನ್ ಅಂತ ಡೆನ್ಮಾರ್ಕಿನವರು, ಅಪ್ಪ ಹಡಗು ಡಿಸೈನ್ ಮಾಡ್ತಿದ್ರು. ಸಿಡ್ನಿಗೆ ಕಾಲಿಡದೆ, ಬಂದರಿನ ನಕಾಶೆ ನೋಡ್ಕೊಂಡೇ ಚಿತ್ರ ಬರೆದು ಕಳಿಸಿದ್ರು, 1957ರಲ್ಲಿ 233 ಡಿಸೈನ್‌ಗಳಲ್ಲಿ ಅದೇ ಗೆದ್ದುಬಿಡ್ತು. ಗೆದ್ದಿದ್ದೇನೋ ಸರಿ, ಆ ಚಿಪ್ಪಿನಂಥ ಸೂರನ್ನ ಕಟ್ಟೋದು ಹೆಂಗೆ ಅನ್ನೋದು ಯಾರಿಗೂ ಗೊತ್ತಿರಲಿಲ್ಲ! ಒಂದೊಂದು ಚಿಪ್ಪಿಗೂ ಒಂದೊಂದು ಬಾಗು, ಅಂದ್ರೆ ಒಂದೊಂದಕ್ಕೂ ಬೇರೆ ಸೆಂಟ್ರಿಂಗು, ಸೈಟಲ್ಲಿ ಕೆಲಸ ಮಾಡಿದೋರಿಗೆ ಇದು ಎಂಥಾ ತಲೆನೋವು ಅಂತ ಗೊತ್ತು, ಒಂದೇ ಅಚ್ಚನ್ನ ಹತ್ತು ಸಲ ಬಳಸಿದ್ರೇನೇ ಲೆಕ್ಕ ಗಿಟ್ಟೋದು. ಓವ್ ಅರುಪ್ ಕಂಪನಿಯ ಎಂಜಿನಿಯರುಗಳು ವರ್ಷಗಟ್ಟಲೆ ಲೆಕ್ಕ ಹಾಕಿ ಹಾಕಿ ಸುಸ್ತಾದ್ರು. 1961ರಲ್ಲಿ ಗಂಟು ಬಿಚ್ಚಿತು, ಎಲ್ಲಾ ಚಿಪ್ಪನ್ನೂ ಒಂದೇ ಗೋಲದಿಂದ ಕತ್ತರಿಸಿದ ತುಂಡು ಅಂತ ಮಾಡಿದ್ರೆ? ಮನೇಲಿ ಒಂದು ಮೂಸಂಬಿ ತಗೊಂಡು ಸಿಪ್ಪೆಯನ್ನ ತ್ರಿಕೋನ ತ್ರಿಕೋನವಾಗಿ ಕುಯ್ದು ನೋಡಿ, ಕೆಲವು ದೊಡ್ಡದು ಕೆಲವು ಚಿಕ್ಕದು, ಆದ್ರೆ ಬಾಗು ಮಾತ್ರ ಎಲ್ಲದಕ್ಕೂ ಒಂದೇ. ಬಾಗು ಒಂದೇ ಆದಮೇಲೆ ಅದೇ ಅಚ್ಚಲ್ಲಿ ಕಾಂಕ್ರೀಟ್ ತುಂಡುಗಳನ್ನ ಎರಕ ಹೊಯ್ದು ಜೋಡಿಸ್ತಾ ಹೋಗಬೋದು. ಇದಕ್ಕಿಂತ ಚೆಂದದ ಲೆಕ್ಕ ನಾನು ನೋಡಿಲ್ಲ.

ಮೇಲಿನ ಟೈಲ್ಸ್ ಹತ್ರದಿಂದ ನೋಡಿದ್ರಾ? ದೂರಕ್ಕೆ ಬೆಳ್ಳಗೆ ಕಾಣತ್ತೆ, ಹತ್ರ ಹೋದ್ರೆ ಹೊಳೆಯೋ ಬಿಳಿ ಒಂದು, ಮಂಕಾದ ಕೆನೆ ಬಣ್ಣದ್ದು ಒಂದು, ಎರಡು ಥರ. ಸ್ವೀಡನ್ನಿಂದ ಬಂದಿದ್ದು, ಒಟ್ಟು 10,56,006. ಆ ಕೊನೆಯ ಆರನ್ನ ಎಣಿಸಿದ ಪುಣ್ಯಾತ್ಮ ಯಾರೋ. ಎಲ್ಲಾ ಹೊಳೆಯೋದೇ ಹಾಕಿದ್ದಿದ್ರೆ ಮೇಲೆ ಹೇಳಿದ ಲಂಡನ್ ಕಥೆ ಥರ ಕಣ್ಣಿಗೆ ಹೊಡೀತಿತ್ತು, ಎರಡನ್ನೂ ಬೆರೆಸಿದ್ದಕ್ಕೇ ಸಂಜೆ ಬಿಸಿಲಲ್ಲಿ ಆ ಮೃದು ಬಣ್ಣ ಬರೋದು.

ಆಮೇಲಿನದ್ದು ಬೇಜಾರಿನ ಕಥೆ. 70 ಲಕ್ಷ ಡಾಲರ್ ಅಂದಿದ್ದು ಏರ್ತಾ ಹೋಯ್ತು, 1965ರಲ್ಲಿ ಅಲ್ಲಿನ ರಾಜ್ಯ ಸರ್ಕಾರ ಬದಲಾಯ್ತು, ಹೊಸ ಮಂತ್ರಿ ಉಟ್ಸನ್‌ಗೆ ಕೊಡಬೇಕಾದ ಬಿಲ್ ದುಡ್ಡು ತಡೆದ್ರು, ಮಾತಿಗೆ ಮಾತು ಬೆಳೀತು, 1966ರಲ್ಲಿ ಉಟ್ಸನ್ ರಾಜೀನಾಮೆ ಕೊಟ್ಟು ಸಂಸಾರ ಸಮೇತ ಹೊರಟೇಬಿಟ್ರು. ಒಳಗಿನ ಸಭಾಂಗಣಗಳನ್ನ ಬೇರೆಯವರು ಮುಗಿಸಿದ್ರು. 1963ಕ್ಕೆ ಮುಗೀಬೇಕಾದ್ದು 1973ಕ್ಕೆ ಮುಗೀತು, ಖರ್ಚು 10 ಕೋಟಿ 20 ಲಕ್ಷ ಡಾಲರ್, ಬಹುಪಾಲು ಲಾಟರಿ ದುಡ್ಡು. ಹೊರಗಿನ ರೂಪ ಒಬ್ಬರದ್ದು, ಒಳಗಿನದ್ದು ಇನ್ನೊಬ್ಬರದ್ದು ಆಗಿದ್ದಕ್ಕೋ ಏನೋ, ಕನ್ಸರ್ಟ್ ಹಾಲಲ್ಲಿ ಸದ್ದು ಸರಿ ಕೇಳಲ್ಲ ಅನ್ನೋ ದೂರು ವರ್ಷಾನುಗಟ್ಟಲೆ ಇತ್ತು, 2022ರಲ್ಲಷ್ಟೇ ಪೂರ್ತಿ ರಿಪೇರಿಯಾಗಿ ಮತ್ತೆ ತೆರೀತು. ಉಟ್ಸನ್‌ಗೆ 2003ರಲ್ಲಿ ಪ್ರಿಟ್ಜ್‌ಕರ್ ಬಂತು, 2007ರಲ್ಲಿ ಕಟ್ಟಡಕ್ಕೆ ಯುನೆಸ್ಕೋ ವಿಶ್ವ ಪರಂಪರೆ ಪಟ್ಟ ಬಂತು, 2008ರಲ್ಲಿ ಅವರು ತೀರ್ಕೊಂಡ್ರು. ವಾಪಸ್ ಹೋಗಲೇ ಇಲ್ಲ. "ಮನೆ ಕಟ್ಟಿ ನೋಡು" ಅಂತ ನಮ್ಮಲ್ಲಿ ಅಂತಾರೆ, ಇವರು ಕಟ್ಟಿ ನೋಡಲೇ ಇಲ್ಲ.

ಪ್ರಶ್ನೆ: ಮಿಲಾನ್‌ದಾಗ ಬಿಲ್ಡಿಂಗ್ ಮ್ಯಾಲೆ ಕಾಡು ಬೆಳಸ್ಯಾರಂತ್ರೀ. ನಮ್ಮ ನಾಕನೇ ಫ್ಲೋರಿನ ಬಾಲ್ಕನ್ಯಾಗ ಒಂದು ಪೇರಲ ಗಿಡ ಹಚ್ಚಬೇಕಂತೀನಿ, ಮನಿಯಾಕಿ ಬ್ಯಾಡ ಅಂತಾಳ್ರೀ. ಏನ್ ಮಾಡ್ಲಿ?
(ಹುಬ್ಬಳ್ಳಿಯ ಓದುಗರು)

ಉತ್ತರ: ಮನೆಯವರು ಹೇಳಿದ್ದು ಕೇಳ್ರಿ ಸರ. ಬೋಸ್ಕೋ ವರ್ಟಿಕಾಲೆ ಅಂತ ಅದರ ಹೆಸರು, ಸ್ಟೆಫಾನೋ ಬೊಯೆರಿ ಮಾಡಿದ್ದು, 2014ರದ್ದು, ಎರಡು ಟವರಲ್ಲಿ ಸುಮಾರು 800 ಮರ. ಫೋಟೋದಲ್ಲಿ ಕಾಣೋದು ಹಸಿರು, ಕಾಣದೇ ಇರೋದು ಬಾಲ್ಕನಿಗೆ ಕೊಟ್ಟಿರೋ ಸ್ಟೀಲು. ಒಂದು ಘನ ಮೀಟರ್ ಒದ್ದೆ ಮಣ್ಣು ಒಂದೂವರೆ ಟನ್ ದಾಟತ್ತೆ, ಮೇಲಿಂದ ಮರದ ಭಾರ, ಗಾಳಿಗೆ ಅದು ಎಳೆಯೋ ಎಳೆತ ಬೇರೆ. ಅವರು ಮರಗಳನ್ನ ವಿಂಡ್ ಟನಲ್ಲಿಗೆ, ಅಂದ್ರೆ ಜೋರು ಗಾಳಿ ಬಿಟ್ಟು ನೋಡೋ ಸುರಂಗಕ್ಕೆ, ಹಾಕಿ ಟೆಸ್ಟ್ ಮಾಡಿ, ಬೇರುಗಳನ್ನ ಕಟ್ಟಿ ಹಿಡಿಸಿದಾರೆ. ಕೊಂಬೆ ಕತ್ತರಿಸೋಕೆ ಮಾಳಿಗೆ ಮೇಲಿಂದ ಹಗ್ಗ ಕಟ್ಕೊಂಡು ಇಳಿಯೋ ಮಾಲಿಗಳಿದಾರೆ, ಆ ಖರ್ಚು ಮೇಂಟೆನೆನ್ಸ್ ಬಿಲ್ಲಲ್ಲಿ ಬರತ್ತೆ, ನಿಮ್ಮ ಅಸೋಸಿಯೇಶನ್ ಮೀಟಿಂಗಲ್ಲಿ ಹೇಳಿ ನೋಡ್ರಿ, ಲಿಫ್ಟ್ ರಿಪೇರಿಗೇ ಜಗಳ ಆಡೋ ಜನ. ನನಗೆ ಆ ಕಟ್ಟಡದ ಮೇಲೆ ಪ್ರೀತಿನೂ ಇದೆ ಗುಮಾನಿನೂ ಇದೆ, ಅಷ್ಟು ಕಾಂಕ್ರೀಟು ಸ್ಟೀಲು ಸುರಿದು ಅಷ್ಟು ಮರ, ನೆಲದ ಮೇಲೆ ಹಚ್ಚಿದ್ರೆ ಎಷ್ಟಾಗ್ತಿತ್ತು ಅಂತ. ಪೇರಲ ಬಿಟ್ಟು ಕರಿಬೇವು ಕುಂಡದಲ್ಲಿ ಹಾಕ್ರಿ, ಅದೂ ಗೋಡೆ ಕಡೆಗೆ ಒತ್ತಿ, ಬಾಲ್ಕನಿ ತುದಿಗೆ ಬ್ಯಾಡ.

ಪ್ರಶ್ನೆ: ತೀರ್ಥಹಳ್ಳಿ ಹತ್ರ ಮನೆ ಕಟ್ತಾ ಇದೀವಿ. ಮಗನಿಗೆ ವಿದೇಶದ ಥರ ಬಿಳಿ ಡಬ್ಬ, ಪೂರ್ತಿ ಸಪಾಟು ತಾರಸಿ, ಕಿಟಕಿ ಮೇಲೆ ಸಜ್ಜಾನೂ ಬೇಡ ಅಂತ ಹಟ. ನಮ್ಮವರು ಹಂಚು ಅಂತಾರೆ. ನೀವೇ ತೀರ್ಪು ಕೊಡಿ.
(ತೀರ್ಥಹಳ್ಳಿಯ ಓದುಗರು)

ಉತ್ತರ: ಮಾರಾಯ್ರೇ, ನಿಮ್ಮ ಮಗ ಕೇಳ್ತಿರೋ ಡಬ್ಬದ ತಾತ ಒಂದಿದೆ, ಪ್ಯಾರಿಸ್ ಪಕ್ಕ ಪ್ವಾಸಿ ಅನ್ನೋ ಊರಲ್ಲಿ, ವಿಲ್ಲಾ ಸವೋಯ್ ಅಂತ. ಚಂಡೀಗಢ ಮಾಡಿದ ಲೆ ಕಾರ್ಬುಸಿಯೇರೇ ಕಟ್ಟಿದ್ದು, 1931ರಲ್ಲಿ ಮುಗೀತು. ತೆಳ್ಳಗಿನ ಕಂಬಗಳ ಮೇಲೆ ಬಿಳಿ ಪೆಟ್ಟಿಗೆ, ಉದ್ದದ ಕಿಟಕಿ, ಮೇಲೆ ಸಪಾಟು ತಾರಸಿಯಲ್ಲಿ ತೋಟ. ಇವತ್ತು ಯುನೆಸ್ಕೋ ಪಟ್ಟಿಯಲ್ಲಿದೆ, ಆರ್ಕಿಟೆಕ್ಚರ್ ಹುಡುಗರೆಲ್ಲ ಯಾತ್ರೆ ಹೋದಂಗೆ ಹೋಗ್ತಾರೆ. ಆದ್ರೆ ಅಲ್ಲಿ ಸಂಸಾರ ಮಾಡಿದ ಸವೋಯ್ ಅಮ್ಮ ಆರ್ಕಿಟೆಕ್ಟ್‌ಗೆ ಬರೆದ ಕಾಗದದಲ್ಲಿ ಇರೋದೇನು ಗೊತ್ತಾ, ಹಾಲಲ್ಲಿ ಮಳೆ, ರ‍್ಯಾಂಪ್ ಮೇಲೆ ಮಳೆ, ಗ್ಯಾರೇಜ್ ಗೋಡೆ ಪೂರ್ತಿ ಒದ್ದೆ. ವರ್ಷಗಟ್ಟಲೆ ಇದೇ ಜಗಳ, ಯುದ್ಧ ಬಂದು ಅವರು ಮನೆ ಬಿಡೋವರೆಗೆ. ಪ್ಯಾರಿಸಲ್ಲಿ ಇಡೀ ವರ್ಷಕ್ಕೆ ಬೀಳೋ ಮಳೆ ಸುಮಾರು 650 ಮಿಲಿಮೀಟರು. ನಿಮ್ಮಲ್ಲಿ ಒಂದು ಜುಲೈ ತಿಂಗಳಲ್ಲೇ ಅದಕ್ಕಿಂತ ಜಾಸ್ತಿ ಹೊಡಿಯತ್ತೆ.

ಸಪಾಟು ತಾರಸಿ ಮಲೆನಾಡಲ್ಲಿ ಆಗೋದೇ ಇಲ್ಲ ಅಂತಲ್ಲ, ಇಳಿಜಾರು ಸರಿಯಾಗಿ ಕೊಟ್ಟು, ನೀರು ಹೋಗೋ ಬಾಯಿ ದೊಡ್ಡದು ಇಟ್ಟು, ವರ್ಷಾ ವರ್ಷ ಮಳೆಗೆ ಮೊದಲು ಎಲೆ ಪಾಚಿ ತೆಗೆಸಿದ್ರೆ ನಡಿಯತ್ತೆ. ಯಾರು ತೆಗೆಸ್ತಾರೆ ಅನ್ನೋದು ಪ್ರಶ್ನೆ. ಸಜ್ಜಾ ಇಲ್ಲದ ಕಿಟಕಿ ಮಾತ್ರ ಬೇಡವೇ ಬೇಡ, ಗಾಳಿ ಮಳೆಗೆ ಮೂರು ತಿಂಗಳು ಕಿಟಕಿ ತೆಗೆಯೋಕೇ ಆಗಲ್ಲ, ಒಳಗೆ ಒಗೆದ ಬಟ್ಟೆ ಒಣಗದೆ ವಾಸನೆ ಹೊಡೀತಿರತ್ತೆ. ನಿಮ್ಮೂರಿನ ಸುತ್ತ ಹತ್ತು ವರ್ಷದ ಹಿಂದೆ ಆರ್‌ಸಿಸಿ ತಾರಸಿ ಹಾಕಿಸಿದ ಮನೆಗಳನ್ನ ಒಂದು ಸುತ್ತು ಮಗನ ಬೈಕಲ್ಲೇ ಹೋಗಿ ನೋಡಿ ಬನ್ನಿ, ಎಷ್ಟರ ಮೇಲೆ ಈಗ ಕಬ್ಬಿಣದ ಕಂಬ ನೆಟ್ಟು ನೀಲಿ ಶೀಟು ಹೊದಿಸಿದಾರೆ ಅಂತ ಎಣಿಸಿ. ಎಣಿಸಿದ ಮೇಲೂ ಅವನು ಡಬ್ಬನೇ ಅಂದ್ರೆ ಕಟ್ಟಿಸ್ಕೊಡಿ, ಶೀಟಿನ ದುಡ್ಡು ಮಾತ್ರ ಈಗಲೇ ಎಸ್ಟಿಮೇಟಲ್ಲಿ ಸೇರಿಸಿಡಿ.